ನಡುಕದ ರೋಗ: ದಂಡಿನ ಹಿರಿಯರು ಒಡ್ಡಿದ ಒಗಟು

ಬೆಂಗಳೂರಿನ ದಂಡು ಪ್ರದೇಶದಿಂದ ಪೂರ್ವಕ್ಕೆ ಹೊರಟರೆ ಹಲಸೂರು, ಇಂದಿರಾನಗರ ದಾಟಿ ದೊಡ್ಡನೆಕ್ಕುಂದಿ ಸಿಗುತ್ತದೆ. ಇನ್ನೂ ಮುಂದೆ ವೈಟ್‌ಫೀಲ್ಡ್. ದಾರಿಯುದ್ದಕ್ಕೂ ಇಂದು ಕಂಪ್ಯೂಟರ್ ಕಂಪನಿಗಳು. 1882ರಲ್ಲಿ ಮೈಸೂರಿನ ಮಹಾರಾಜ ಹತ್ತನೆಯ ಚಾಮರಾಜ ಒಡೆಯರು ಆಂಗ್ಲೋ ಇಂಡಿಯನ್ನರ ಸಂಘಕ್ಕೆ ವಸಾಹತು ಕಟ್ಟಿಕೊಳ್ಳಲು ಭೂಮಿ ನೀಡಿದ್ದು ಈ ಕಡೆಯಲ್ಲೇ. ದಂಡು ಮತ್ತು ವೈಟ್‌ಫೀಲ್ಡ್ ನಡುವೆ ಬೆಳೆದ ಈ ಸಮುದಾಯದ ಹೆಸರು ಮುಂದೊಂದು ದಿನ ಪಾರ್ಕಿನ್ಸನ್ ರೋಗದ ವಿಚಾರದಲ್ಲಿ ಜಗತ್ತಿನ ವೈದ್ಯಕೀಯ ಪತ್ರಿಕೆಗಳಲ್ಲಿ ಕಾಣಿಸಿಕೊಂಡಿತು.

ಈ ರೋಗ ಸದ್ದಿಲ್ಲದೆ ಬರುತ್ತದೆ. ಸುಮ್ಮನೆ ಕುಳಿತಾಗ ಒಂದು ಕೈಯ ಬೆರಳುಗಳು ಗುಳಿಗೆ ಉರುಳಿಸುವಂತೆ ನಡುಗುತ್ತವೆ. ನಡೆಯುವಾಗ ಒಂದು ತೋಳು ಬೀಸುವುದಿಲ್ಲ. ಬರೆಯುತ್ತ ಹೋದಂತೆ ಅಕ್ಷರ ಚಿಕ್ಕದಾಗುತ್ತದೆ, ಅಂಗಿಯ ಗುಂಡಿ ಹಾಕಲು ಹೊತ್ತು ಹಿಡಿಯುತ್ತದೆ, ಮುಖದ ಭಾವ ಮಾಯವಾಗುತ್ತದೆ. ಎಷ್ಟೋ ಮಂದಿಗೆ ಇದಕ್ಕೆ ವರ್ಷಗಳ ಮೊದಲೇ ವಾಸನೆ ತಿಳಿಯದಾಗಿರುತ್ತದೆ. ಮನೆಯವರು ‘ವಯಸ್ಸಾಯಿತಲ್ಲ’ ಎಂದು ಬಿಟ್ಟುಬಿಡುತ್ತಾರೆ. ಅಜ್ಜ ಸಿಡುಕ, ಸೋಮಾರಿ ಎಂಬ ಮಾತೂ ಬರುತ್ತದೆ. ನಡುಕವೇ ಇಲ್ಲದೆ ಬರೀ ಬಿಗಿತ, ನಿಧಾನ ಇದ್ದವರ ಪಾಡು ಇನ್ನೂ ಕಷ್ಟ.

1817ರಲ್ಲಿ ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ ಆರು ಮಂದಿಯನ್ನು ಗಮನಿಸಿ ಈ ರೋಗದ ವಿವರ ಬರೆದ. ಅವರಲ್ಲಿ ಕೆಲವರನ್ನು ಆತ ಬೀದಿಯಲ್ಲಿ ಕಂಡದ್ದಷ್ಟೆ! ಆಯುರ್ವೇದ ಬಹಳ ಹಿಂದೆಯೇ ನಡುಕವನ್ನು ವಾತವ್ಯಾಧಿಗಳ ಸಾಲಿಗೆ ಸೇರಿಸಿತ್ತು. ಕಂಪವಾತ ಎಂಬುದು ಅದರ ಹೆಸರು.

ಕಾರಣ ಮೆದುಳಿನ ಬುಡದಲ್ಲಿದೆ. ಅಲ್ಲಿ ಕಪ್ಪು ಬಣ್ಣದ ಜೀವಕೋಶಗಳ ಒಂದು ಪುಟ್ಟ ಪಟ್ಟಿಯಿದ್ದು, ಅವು ಡೋಪಮೈನ್ ಎಂಬ ರಾಸಾಯನಿಕವನ್ನು ತಯಾರಿಸುತ್ತವೆ. ಈ ಕೋಶಗಳು ಸತ್ತಂತೆಲ್ಲ ಚಲನೆಯ ಹಿಡಿತ ತಪ್ಪುತ್ತದೆ. ಇದು ಬೆಳಕಿಗೆ ಬಂದ ಕಥೆಯಲ್ಲಿ ನಮ್ಮ ನೆಲದ ಎರಡು ಗಿಡಗಳಿವೆ. ಸರ್ಪಗಂಧಿಯಿಂದ 1952ರಲ್ಲಿ ಬೇರ್ಪಡಿಸಿದ ರೆಸರ್ಪಿನ್ ಅನ್ನು ಸ್ವೀಡನ್ನಿನ ಅರ್ವಿದ್ ಕಾರ್ಲ್‌ಸನ್ ಮೊಲಗಳಿಗೆ ಕೊಟ್ಟಾಗ ಅವು ಕಲ್ಲಿನಂತೆ ಕುಳಿತವು. ಡೋಪಾ ಚುಚ್ಚಿದೊಡನೆ ಎದ್ದು ಓಡಾಡಿದವು. ಇದು 1957ರ ಮಾತು. ಆ ಡೋಪಾವನ್ನು ಮದರಾಸಿನ ವಿಜ್ಞಾನಿಗಳು 1937ರಲ್ಲೇ ನಸುಗುನ್ನಿ ಬೀಜದಲ್ಲಿ ಕಂಡಿದ್ದರು. ಮುಟ್ಟಿದರೆ ತುರಿಸುವ ಅದೇ ನಸುಗುನ್ನಿ! ಅದು ಯಾವ ರೋಗಕ್ಕೆ ಒದಗೀತೆಂಬುದು ಮಾತ್ರ ಆಗ ಯಾರಿಗೂ ಹೊಳೆದಿರಲಿಲ್ಲ. 1967ರಲ್ಲಿ ಅಮೆರಿಕದ ಜಾರ್ಜ್ ಕೊಟ್ಜಿಯಾಸ್ ಡೋಪಾವನ್ನು ಸ್ವಲ್ಪಸ್ವಲ್ಪವಾಗಿ ಏರಿಸುತ್ತ ಬಾಯಿಯ ಮೂಲಕ ಕೊಟ್ಟು ಫಲ ಕಂಡ. ಲೆವೊಡೋಪಾ ಮಾತ್ರೆ ಇಂದಿಗೂ ಚಿಕಿತ್ಸೆಯ ಬೆನ್ನೆಲುಬು. ಆದರೆ ಅದು ರೋಗವನ್ನು ನಿಲ್ಲಿಸುವುದಿಲ್ಲ. ಕೆಲವು ವರ್ಷಗಳಲ್ಲಿ ಮಾತ್ರೆಯ ಬಲ ಬೇಗ ಇಳಿಯುವುದು, ಮೈ ತಾನಾಗಿ ಕುಣಿಯುವುದು ಶುರುವಾಗುತ್ತದೆ. ಮಾತ್ರೆಯ ಜೊತೆಗೆ ಗುಟ್ಟಾಗಿ ನಸುಗುನ್ನಿ ಪುಡಿ ತಿನ್ನುವವರು ಒಂದೇ ಮದ್ದನ್ನು ಎರಡು ಸಲ ನುಂಗುತ್ತಿರುತ್ತಾರೆ.

ಮಾತ್ರೆ ಬರುವ ಮೊದಲು ಶಸ್ತ್ರಚಿಕಿತ್ಸೆಯೇ ಆಸರೆಯಾಗಿತ್ತು. ಬೆಂಗಳೂರಿನಲ್ಲಿ ಡಾ. ಆರ್.ಎಂ. ವರ್ಮ ಅವರು ತಲೆಬುರುಡೆಯನ್ನು ಕೊರೆಯದೆ, ಅದರ ತಳದಲ್ಲಿರುವ ಸಹಜ ರಂಧ್ರದ ಮೂಲಕ ಸೂಜಿ ತೂರಿಸಿ ನಡುಕ ತಗ್ಗಿಸುವ ವಿಧಾನಕ್ಕೆ ಹೆಸರಾದರು. 1974ರಲ್ಲಿ ನಿಮ್ಹಾನ್ಸ್ ರೂಪುಗೊಂಡಾಗ ಅದರ ಮೊದಲ ನಿರ್ದೇಶಕರೂ ಅವರೇ.

ಅದೇ ನಿಮ್ಹಾನ್ಸ್‌ನ ಸಂಶೋಧಕರು 1998ರಲ್ಲಿ ಒಂದು ವಿಚಿತ್ರ ಸಂಗತಿ ಪ್ರಕಟಿಸಿದರು. ರೋಗವಿಲ್ಲದ ಭಾರತೀಯರ ಮೆದುಳಿನಲ್ಲಿ ಆ ಕಪ್ಪು ಕೋಶಗಳ ಸಂಖ್ಯೆ ಬ್ರಿಟನ್ನಿನವರಿಗಿಂತ ಗಣನೀಯವಾಗಿ ಕಡಿಮೆ; ಆದರೆ ವಯಸ್ಸಾದಂತೆ ಅವು ಕರಗುವುದು ಕಾಣಲಿಲ್ಲ. ಬಂಡವಾಳ ಚಿಕ್ಕದು, ಸವಕಳಿ ಇಲ್ಲ.

ಬಳಿಕ ಬೆಂಗಳೂರಿನ ವೃದ್ಧಾಶ್ರಮಗಳಲ್ಲಿ ಆಂಗ್ಲೋ ಇಂಡಿಯನ್ನರನ್ನೂ ಇತರ ಭಾರತೀಯರನ್ನೂ ಹೋಲಿಸಿ ನೋಡಲಾಯಿತು. ಯೂರೋಪಿನವರಲ್ಲಿ ಈ ರೋಗ ಹೆಚ್ಚೆಂಬ ವರದಿಗಳಿದ್ದವು. ಹಾಗಿದ್ದರೆ ಎರಡೂ ರಕ್ತ ಬೆರೆತವರು ನಡುವೆ ಎಲ್ಲೋ ನಿಲ್ಲಬೇಕಿತ್ತು. ಆದರೆ 2003ರಲ್ಲಿ ಪ್ರಕಟವಾದ ವರದಿಯಂತೆ ಅವರಲ್ಲಿ ರೋಗ ಇತರ ಭಾರತೀಯರಿಗಿಂತಲೂ ಕಡಿಮೆ! ವೃದ್ಧಾಶ್ರಮದ ಲೆಕ್ಕವನ್ನು ಇಡೀ ಸಮುದಾಯಕ್ಕೆ ಹಚ್ಚುವುದು ಸರಿಯಲ್ಲ, ನಿಜ. ವಂಶವಾಹಿಗಳ ಬೆರಕೆಯೋ, ಬದುಕಿದ ರೀತಿಯೋ, ಉತ್ತರ ಇನ್ನೂ ಸಿಕ್ಕಿಲ್ಲ. ಅತ್ತ ಸಮುದಾಯದ ಬಹಳಷ್ಟು ಕುಟುಂಬಗಳು ಆಸ್ಟ್ರೇಲಿಯ, ಇಂಗ್ಲೆಂಡ್ ಸೇರಿವೆ. ವೈಟ್‌ಫೀಲ್ಡಿನ ಹಳೆಯ ತೋಟದ ಮನೆಗಳಲ್ಲಿ ಉಳಿದಿರುವುದು ಬೆರಳೆಣಿಕೆಯಷ್ಟು.