ತೈಲದ ಟ್ಯಾಂಕೂ ಸುತ್ತಲಿನ ಬರಿ ನೆಲವೂ

(ವೆರಿಬೀಯಲ್ಲಿ ನೀಡಿದ ಅತಿಥಿ ಉಪನ್ಯಾಸದ ಬರಹರೂಪ)



ವೆರಿಬೀಯಿಂದ ಮೆಲ್ಬರ್ನ್ ನಗರಕ್ಕೆ ನಿತ್ಯ ಓಡಾಡುವ ನಿಮಗೆ ಆಲ್ಟೋನಾ, ನ್ಯೂಪೋರ್ಟ್, ಸ್ಪಾಟ್ಸ್‌ವುಡ್ ಪ್ರದೇಶಗಳ ತೈಲದ ಟ್ಯಾಂಕುಗಳು ಚಿರಪರಿಚಿತ. ಬಿಳಿಯ ಬಣ್ಣದ, ದುಂಡನೆಯ, ಕಿಟಕಿಯಿಲ್ಲದ ಆ ಕಟ್ಟಡಗಳನ್ನು ನಾವು ದಿನವೂ ನೋಡುತ್ತೇವೆ, ಆದರೆ ಗಮನಿಸುವುದು ಅಪರೂಪ. ಅವುಗಳನ್ನು ನಿಜವಾಗಿ ಗಮನಿಸುವವರು ಆಟದ ರೈಲುಮಾರ್ಗ ಕಟ್ಟುವ ಹವ್ಯಾಸಿಗಳು. ಮೇಜಿನ ಮೇಲೆ ಹಳಿ ಹಾಸಿ, ಪಕ್ಕದಲ್ಲೊಂದು ತೈಲಾಗಾರವನ್ನು ಅಳತೆಗೆ ತಕ್ಕಂತೆ ಕಿರಿದುಮಾಡಿ ನಿಲ್ಲಿಸುವುದು ಅವರಿಗೆ ಪ್ರಿಯವಾದ ಕೆಲಸ. ಇಂದಿನ ನನ್ನ ವಿಷಯವೂ ಅದೇ. ಇತಿಹಾಸದ ಉಪನ್ಯಾಸದಲ್ಲಿ ಆಟಿಕೆಗೇನು ಕೆಲಸವೆಂದು ಕೆಲವರಿಗೆ ಅನ್ನಿಸಬಹುದು. ಮಾದರಿಯನ್ನು ಪ್ರಾಮಾಣಿಕವಾಗಿ ಕಟ್ಟಹೊರಟವನು ಇತಿಹಾಸವನ್ನು ಓದದೆ ಒಂದು ಹೆಜ್ಜೆಯನ್ನೂ ಇಡಲಾರನೆಂಬುದೇ ನನ್ನ ಉತ್ತರ.

ಮೊದಲನೆಯದಾಗಿ, ಟ್ಯಾಂಕು ಹುಟ್ಟುವ ಮೊದಲು ಡಬ್ಬವಿತ್ತು. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಸೀಮೆಎಣ್ಣೆಯು ನಾಲ್ಕು ಗ್ಯಾಲನ್ ಹಿಡಿಯುವ ಚೌಕ ತಗಡಿನ ಡಬ್ಬಗಳಲ್ಲಿ, ಎರಡೆರಡು ಡಬ್ಬಗಳಿಗೊಂದು ಮರದ ಪೆಟ್ಟಿಗೆಯಂತೆ, ಹಡಗೇರಿ ಬರುತ್ತಿತ್ತು. ಬರಿದಾದ ಆ ಡಬ್ಬ ನಮ್ಮ ಹಳ್ಳಿಗಳಲ್ಲಿ ನೀರು ಹೊರಲು, ಕಾಳು ತುಂಬಲು ಒದಗಿದುದನ್ನು ಹಿರಿಯರು ಬಲ್ಲರು. 1930ರ ದಶಕದ ಆರ್ಥಿಕ ಮುಗ್ಗಟ್ಟಿನಲ್ಲಿ ಆಸ್ಟ್ರೇಲಿಯದ ಬಡ ಕುಟುಂಬಗಳು ಅದೇ ಬಗೆಯ ಡಬ್ಬ ಮತ್ತು ಪೆಟ್ಟಿಗೆಗಳಿಂದ ಕಪಾಟು, ಮೇಜುಗಳನ್ನು ಮಾಡಿಕೊಂಡವು. ಎರಡು ದೇಶಗಳ ಬಡತನಕ್ಕೂ ಒಂದೇ ಡಬ್ಬ ನೆರವಾಯಿತು.

1892ರಲ್ಲಿ ಮ್ಯೂರೆಕ್ಸ್ ಎಂಬ ಹಡಗು ಡಬ್ಬಗಳಿಲ್ಲದೆ, ತನ್ನ ಒಡಲಲ್ಲೇ ಸೀಮೆಎಣ್ಣೆಯನ್ನು ತುಂಬಿಕೊಂಡು ಸೂಯೆಜ್ ಕಾಲುವೆಯನ್ನು ದಾಟಿ ಪೂರ್ವದೇಶಗಳಿಗೆ ಬಂದಿತು. ಹಾಗೆ ಬಂದ ತೈಲವನ್ನು ಇಳಿಸಿಕೊಳ್ಳಲು ಬಂದರುಗಳಲ್ಲಿ ದೊಡ್ಡ ಟ್ಯಾಂಕುಗಳು ಬೇಕಾದವು. ಸಿಡ್ನಿಯ ಗೋರ್ ಬೇ ತೈಲಾಗಾರ 1901ರಷ್ಟು ಹಳೆಯದು. ಆಲ್ಟೋನಾದ ಶುದ್ಧೀಕರಣಾಗಾರ 1949ರಲ್ಲಿ, ಜಿಲಾಂಗಿನದು 1954ರಲ್ಲಿ, ಸಿಡ್ನಿ ಬಳಿಯ ಕರ್ನೆಲ್‌ನದು 1956ರಲ್ಲಿ ಕೆಲಸಕ್ಕೆ ತೊಡಗಿದವು.

ಮಾದರಿ ಕಟ್ಟುವವನಿಗೆ ಈ ಇಸವಿಗಳು ಅಲಂಕಾರವಲ್ಲ. ಇಪ್ಪತ್ತನೆಯ ಶತಮಾನದ ಆರಂಭದ ಟ್ಯಾಂಕಾದರೆ ಉಕ್ಕಿನ ತಗಡುಗಳ ಅಂಚಿನಲ್ಲಿ ರಿವೆಟ್ಟಿನ ಸಾಲುಗಳನ್ನು ತೋರಿಸಬೇಕು. ಎರಡನೆಯ ಮಹಾಯುದ್ಧದ ನಂತರದ ಟ್ಯಾಂಕಾದರೆ ಬೆಸುಗೆಯ ನವಿರಾದ ಗೆರೆ ಸಾಕು. ಮೇಲ್ಛಾವಣಿಯೂ ಕಾಲವನ್ನು ಹೇಳುತ್ತದೆ. ಪೆಟ್ರೋಲು ಸುಲಭವಾಗಿ ಆವಿಯಾಗುವ ವಸ್ತು. ತೈಲಕ್ಕೂ ಛಾವಣಿಗೂ ನಡುವಿನ ತೆರಪಿನಲ್ಲಿ ಆವಿ ತುಂಬಿದರೆ ನಷ್ಟವೂ ಹೌದು, ಅಪಾಯವೂ ಹೌದು. ಆದುದರಿಂದ 1920ರ ದಶಕದಲ್ಲಿ ಅಮೆರಿಕದಲ್ಲಿ ತೇಲುವ ಛಾವಣಿ ಬಳಕೆಗೆ ಬಂದಿತು. ಅದು ತೈಲದ ಮೇಲೆಯೇ ಕುಳಿತು, ತೈಲ ಏರಿದರೆ ಏರುತ್ತದೆ, ಇಳಿದರೆ ಇಳಿಯುತ್ತದೆ. ಅಂಥ ಟ್ಯಾಂಕಿನ ಮಾದರಿಯಲ್ಲಿ ಛಾವಣಿಯನ್ನು ಅಂಚಿಗೇ ಅಂಟಿಸಿದರೆ ಅದು ಸದಾ ತುಂಬಿದ ಟ್ಯಾಂಕಾಗಿಬಿಡುತ್ತದೆ. ಸ್ವಲ್ಪ ಕೆಳಗಿಳಿಸಿದರೆ ಒಳಗೊಂದು ನೆರಳು ಮೂಡಿ, ಅದು ಕೆಲಸದಲ್ಲಿರುವ ಟ್ಯಾಂಕೆಂಬುದು ನೋಡುವವರಿಗೆ ತಿಳಿಯುತ್ತದೆ.

ಇನ್ನು ಅಳತೆಯ ಮಾತು. ಈ ದೇಶದ ಹವ್ಯಾಸಿಗಳಲ್ಲಿ ಹೆಚ್ಚು ಬಳಕೆಯಲ್ಲಿರುವ ಪ್ರಮಾಣ 87ಕ್ಕೆ 1. ಅಂದರೆ ಒಂದು ಅಡಿಗೆ ಮೂರೂವರೆ ಮಿಲಿಮೀಟರ್. ಉದಾಹರಣೆಗೆ 30 ಮೀಟರ್ ವ್ಯಾಸ, 12 ಮೀಟರ್ ಎತ್ತರದ ಟ್ಯಾಂಕೊಂದನ್ನು ತೆಗೆದುಕೊಳ್ಳೋಣ. ಮಾದರಿಯಲ್ಲಿ ಅದರ ವ್ಯಾಸ 34.5 ಸೆಂಟಿಮೀಟರ್, ಎತ್ತರ ಸುಮಾರು 14 ಸೆಂಟಿಮೀಟರ್. ನಿಜವಾದ ಟ್ಯಾಂಕು 85 ಲಕ್ಷ ಲೀಟರಿನಷ್ಟು ತೈಲವನ್ನು ಹಿಡಿಯುತ್ತದೆ, ಮಾದರಿಯಾದರೋ ಸುಮಾರು 13 ಲೀಟರ್ ನೀರನ್ನು, ಅಂದರೆ ಒಂದು ಬಕೆಟ್‌ನಷ್ಟನ್ನು. ನಿಜವಾದ ಟ್ಯಾಂಕಿನ ತಳಭಾಗದ ಉಕ್ಕು, ಒತ್ತಡ ಅಲ್ಲಿಯೇ ಅಧಿಕವಾದ್ದರಿಂದ, ಎಲ್ಲಕ್ಕಿಂತ ದಪ್ಪ. ಆದರೂ ಅದು ಸುಮಾರು 12 ಮಿಲಿಮೀಟರ್ ಇದ್ದರೆ ಹೆಚ್ಚು. ಅದನ್ನು 87ರಿಂದ ಭಾಗಿಸಿದರೆ ಮದುವೆಯ ಕರೆಯೋಲೆಗಿಂತಲೂ ತೆಳುವಾದ ಗೋಡೆ! ಆ ಭಾರೀ ಟ್ಯಾಂಕು ವಾಸ್ತವವಾಗಿ ಕಾಗದದಂಥ ಪಾತ್ರೆಯೆಂಬುದು ಮಾದರಿ ಮಾಡಲು ಕುಳಿತಾಗಲೇ ಮನದಟ್ಟಾಗುತ್ತದೆ.

ಇಷ್ಟು ತೆಳುವಾದ ಪಾತ್ರೆ ಒಡೆದರೆ ಗತಿಯೇನು? ಅದಕ್ಕಾಗಿಯೇ ಟ್ಯಾಂಕಿನ ಸುತ್ತ ಗಿಡ್ಡ ಗೋಡೆಯನ್ನೋ ಮಣ್ಣಿನ ದಿಣ್ಣೆಯನ್ನೋ ಕಟ್ಟಿರುತ್ತಾರೆ. ಇಂಗ್ಲಿಷಿನವರು ಇದನ್ನು ಬಂಡ್ ಎನ್ನುತ್ತಾರೆ. ಆ ಮಾತು ಅವರಿಗೆ ದೊರೆತದ್ದು ಭಾರತದಿಂದ. ಗದ್ದೆಯ ಬದು ನೀರನ್ನು ಹಿಡಿದಿಡುವಂತೆ ಇದು ಚೆಲ್ಲಿದ ತೈಲವನ್ನು ಹಿಡಿದಿಡಬೇಕು. ಟ್ಯಾಂಕಿನ ತೈಲವೆಲ್ಲ ಹೊರಬಿದ್ದರೂ ಬದುವಿನೊಳಗೇ ನಿಲ್ಲಬೇಕೆಂಬುದು ನಿಯಮದ ಸಾರಾಂಶ. ನಮ್ಮ ಉದಾಹರಣೆಯ ಟ್ಯಾಂಕಿಗೆ ಒಂದೂವರೆ ಮೀಟರ್ ಎತ್ತರದ ಬದು ಹಾಕಿದರೆ ಸುಮಾರು 75 ಮೀಟರ್ ಚೌಕದ ನೆಲ ಬೇಕಾಗುತ್ತದೆ. ಅದರಲ್ಲಿ ಟ್ಯಾಂಕು ನಿಂತಿರುವುದು ಎಂಟರಲ್ಲಿ ಒಂದು ಪಾಲಿನ ಮೇಲೆ. ಉಳಿದ ಏಳು ಪಾಲು ಬರಿ ನೆಲ.

ಹವ್ಯಾಸಿಯ ಸತ್ಯಪರೀಕ್ಷೆ ಇಲ್ಲಿ. ಏಣಿ, ಕೊಳವೆ, ತುಕ್ಕಿನ ಕಲೆ ಎಲ್ಲವನ್ನೂ ಅವನು ಅಚ್ಚುಕಟ್ಟಾಗಿ ಮಾಡಬಲ್ಲ. ಆದರೆ ಮಾದರಿಯ ಅಳತೆಯಲ್ಲಿ ಆ ಬದುವಿಗೆ 86 ಸೆಂಟಿಮೀಟರ್ ಚೌಕ ಬೇಕು, ಮೇಜಿನ ಮೇಲೆ ಅಷ್ಟು ಜಾಗವಿರುವುದಿಲ್ಲ. ಆದ್ದರಿಂದ ಮೊದಲು ಕುಗ್ಗುವುದು ಬರಿ ನೆಲ. ಟ್ಯಾಂಕುಗಳು ಒತ್ತೊತ್ತಾಗಿ ನಿಲ್ಲುತ್ತವೆ, ಅವುಗಳ ಬೆನ್ನಿಗೇ ಪುಟ್ಟ ಮನೆಗಳು ಬಂದು ಕೂರುತ್ತವೆ. ಹವ್ಯಾಸಿಯ ಮಟ್ಟಿಗೆ ಇದು ಕ್ಷಮಾರ್ಹ. ನಗರಗಳೂ ಇದೇ ತಪ್ಪನ್ನು ಮಾಡಿವೆ ಎಂಬುದು ಚಿಂತೆಯ ವಿಷಯ.

1991ರ ಆಗಸ್ಟ್ 21ರಂದು ಮೆಲ್ಬರ್ನಿನ ಕೂಡ್ ಐಲೆಂಡ್‌ನಲ್ಲಿ ರಾಸಾಯನಿಕಗಳ ಟ್ಯಾಂಕುಗಳು ಸ್ಫೋಟಿಸಿ ಹೊತ್ತಿ ಉರಿದವು. ಕಪ್ಪು ಹೊಗೆ ನಗರದ ಮೇಲೆ ಹರಡಿತು. ಅಪಾಯದ ಸರಕಿಗೂ ಜನವಸತಿಗೂ ಎಷ್ಟು ಅಂತರವಿರಬೇಕೆಂಬ ಪ್ರಶ್ನೆ ಪಶ್ಚಿಮದ ಉಪನಗರಗಳಲ್ಲಿ ವರ್ಷಗಟ್ಟಲೆ ಚರ್ಚೆಯಾಯಿತು. ವೆರಿಬೀಯಲ್ಲಿಯೇ ಹಳೆಯ ಕಲ್ಲುಗಣಿಯೊಂದರಲ್ಲಿ ವಿಷಕಾರಿ ತ್ಯಾಜ್ಯವನ್ನು ಹೂಳುವ ಯೋಜನೆ ಬಂದಾಗ ಊರಿನ ಜನ ಒಟ್ಟಾಗಿ ಪ್ರತಿಭಟಿಸಿದರು. 1998ರಲ್ಲಿ ಆ ಯೋಜನೆಯನ್ನು ಕೈಬಿಡಲಾಯಿತು. ನಮ್ಮ ದೇಶದ ಜೈಪುರದಲ್ಲಿ 2009ರ ಅಕ್ಟೋಬರ್ 29ರಂದು ತೈಲಾಗಾರಕ್ಕೆ ಹತ್ತಿದ ಬೆಂಕಿ ದಿನಗಟ್ಟಲೆ ಉರಿಯಿತು. ಬರಿ ನೆಲಕ್ಕೆ ಬೆಲೆಯೆಷ್ಟೆಂಬುದು ಅಂಥ ದಿನಗಳಲ್ಲಿ ತಿಳಿಯುತ್ತದೆ.

ಆ ನೆಲ ಎಂದಿನಿಂದಲೂ ಬರಿದಾಗಿತ್ತೆಂದು ಭಾವಿಸಬಾರದು. ವೆರಿಬೀ ಎಂಬ ಹೆಸರೇ ಇಲ್ಲಿನ ಮೂಲನಿವಾಸಿಗಳ ನುಡಿಯಿಂದ ಬಂದದ್ದು. ನಮ್ಮ ಕರಾವಳಿಯ ಕಡೆ ನೋಡಿದರೂ ಕಥೆ ಬೇರೆಯಲ್ಲ. ಮಂಗಳೂರಿನ ಹೊಸ ಬಂದರಿಗಾಗಿ, ಮುಂದೆ ಶುದ್ಧೀಕರಣಾಗಾರಕ್ಕಾಗಿ, ಎಷ್ಟೋ ಕುಟುಂಬಗಳು ಗದ್ದೆ ತೋಟಗಳನ್ನು ಬಿಟ್ಟುಕೊಟ್ಟು ಬೇರೆಡೆಗೆ ಹೋಗಬೇಕಾಯಿತು. ಇತ್ತೀಚಿನ ದಶಕದಲ್ಲಿ ಮಂಗಳೂರು ಹಾಗೂ ಉಡುಪಿ ಜಿಲ್ಲೆಯ ಪಾದೂರಿನಲ್ಲಿ ಬಂಡೆಯನ್ನು ಕೊರೆದು ನೆಲದಡಿಯಲ್ಲಿ ಕಚ್ಚಾತೈಲದ ಗುಹೆಗಳನ್ನು ನಿರ್ಮಿಸಲಾಗಿದೆ. ಒಂದರ ಸಾಮರ್ಥ್ಯ 15 ಲಕ್ಷ ಟನ್, ಇನ್ನೊಂದರದು 25 ಲಕ್ಷ ಟನ್. ಅವುಗಳ ಮಾದರಿ ಮಾಡುವವನಿಗೆ ಮೇಲೆ ತೋರಿಸಲು ಬಿಳಿಯ ಟ್ಯಾಂಕುಗಳ ಸಾಲಿಲ್ಲ. ನೆಲದ ಕಥೆ ತಿಳಿದಿದ್ದರೆ ಮಾತ್ರ ಅವನ ಕೆಲಸಕ್ಕೆ ಅರ್ಥ.

ಇತ್ತ ನಾವು ಕಂಡ ಟ್ಯಾಂಕುಗಳೂ ಶಾಶ್ವತವಲ್ಲ. ಸಿಡ್ನಿಯ ಕ್ಲೈಡ್ ಶುದ್ಧೀಕರಣಾಗಾರ 2012ರಲ್ಲಿಯೂ ಕರ್ನೆಲ್ 2014ರಲ್ಲಿಯೂ ನಿಂತವು. 2021ರಲ್ಲಿ ಆಲ್ಟೋನಾದಲ್ಲಿಯೂ ಶುದ್ಧೀಕರಣ ನಿಂತು, ಆ ಸ್ಥಳ ಆಮದು ತೈಲದ ದಾಸ್ತಾನಿಗೆ ಮೀಸಲಾಯಿತು. ಸಿಡ್ನಿ ಬಂದರಿನ ಬ್ಯಾಲಸ್ಟ್ ಪಾಯಿಂಟ್‌ನಲ್ಲಿದ್ದ ತೈಲಾಗಾರ 2009ರಲ್ಲಿ ಉದ್ಯಾನವಾಯಿತು. ಅಲ್ಲಿ ದೊಡ್ಡ ಟ್ಯಾಂಕೊಂದರ ವೃತ್ತವನ್ನು ಹಳೆಯ ಉಕ್ಕಿನ ಫಲಕಗಳಿಂದಲೇ ಮತ್ತೆ ಎಬ್ಬಿಸಿ ನಿಲ್ಲಿಸಿದ್ದಾರೆ. ನೂರು ಪುಟದ ವರದಿ ಹೇಳದ ಗಾತ್ರವನ್ನು ಆ ವೃತ್ತದೊಳಗೆ ನಿಂತ ಮಗು ಕ್ಷಣದಲ್ಲಿ ಗ್ರಹಿಸುತ್ತದೆ.

ಆದುದರಿಂದ ತಂದೆತಾಯಿಯರಲ್ಲಿ ನನ್ನ ವಿನಂತಿಯಿಷ್ಟೆ. ನಿಮ್ಮ ಮಕ್ಕಳು ಖಾಲಿ ಮೈಲೋ ಡಬ್ಬಿಗೆ ಬಿಳಿ ಬಣ್ಣ ಬಳಿದು ತೈಲಾಗಾರ ಮಾಡಹೊರಟರೆ ಪ್ರೋತ್ಸಾಹಿಸಿರಿ. ಹದಿನೈದು ಸೆಂಟಿಮೀಟರ್ ಅಗಲದ ಡಬ್ಬಿಯಾದರೆ ಈ ಪ್ರಮಾಣದಲ್ಲಿ ಅದು 13 ಮೀಟರ್ ಅಗಲದ ಟ್ಯಾಂಕು. ಸಣ್ಣದಾದರೂ ಲೆಕ್ಕಕ್ಕೆ ಸರಿಯಾದದ್ದು. ಅದು ಯಾವ ಊರಿನ, ಯಾವ ಇಸವಿಯ ಟ್ಯಾಂಕೆಂದು ಹಲಗೆಯ ಮೇಲೆ ಬರೆಯಹೇಳಿರಿ. ಜಾಗ ಸಾಲದೆ ಒಂದು ಟ್ಯಾಂಕನ್ನು ಕಡಿಮೆ ಮಾಡಬೇಕಾಗಿ ಬಂದರೂ ಚಿಂತೆಯಿಲ್ಲ, ಸುತ್ತಲಿನ ನೆಲವನ್ನು ಮಾತ್ರ ಕುಗ್ಗಿಸಬೇಡಿರೆಂದು ತಿಳಿಹೇಳಿರಿ. ಏಕಿಷ್ಟು ಜಾಗ ಖಾಲಿ ಬಿಟ್ಟಿದ್ದೀಯೆಂದು ಯಾರಾದರೂ ಕೇಳಿದರೆ ಆ ಮಗುವಿಗೆ ಹೇಳಲು ಇಷ್ಟೆಲ್ಲ ಕಥೆಯಿದೆ.