ಸಂಧಿವಾತ ಇರುವವರಿಗೆ ಮೊಣಕಾಲು ಕೀಲು ಬದಲಾವಣೆ: ಹತ್ತು ಹದಿನೈದು ವರ್ಷದ ನಂತರ ಹೇಗಿರುತ್ತದೆ?

ಆದೋನಿ, ಆಲೂರು, ಹೊಳಗುಂದ, ಕೌತಾಳಂ ಕಡೆ ಮೊಣಕಾಲು ನೋವು ಎಂದರೆ ಸಾಮಾನ್ಯವಾಗಿ ಒಂದೇ ಮಾತು. ಕನ್ನಡದಲ್ಲಿ ಕೀಲುನೋವು, ತೆಲುಗಿನಲ್ಲಿ ಕೀಳ್ಳ ನೊಪ್ಪುಲು. ಆದರೆ ಈ ಒಂದು ಹೆಸರಿನ ಕೆಳಗೆ ಬೇರೆ ಬೇರೆ ಕಾಯಿಲೆಗಳಿವೆ. ಹೆಚ್ಚಿನವರಿಗೆ ಇರುವುದು ವಯಸ್ಸಿನಿಂದ ಬರುವ ಕೀಲು ಸವೆತ. ಇನ್ನು ಕೆಲವರಿಗೆ ಇರುವುದು ರುಮಟಾಯ್ಡ್ ಆರ್ಥ್ರೈಟಿಸ್ ಎಂಬ ಸಂಧಿವಾತ. ಇದರಲ್ಲಿ ದೇಹದ ರೋಗ ನಿರೋಧಕ ಶಕ್ತಿಯೇ ಕೀಲಿನ ಒಳಪೊರೆಯ ಮೇಲೆ ತಿರುಗಿ ಬೀಳುತ್ತದೆ. ಗಂಡಸರಿಗಿಂತ ಹೆಂಗಸರಲ್ಲಿ ಇದು 2ರಿಂದ 3 ಪಟ್ಟು ಹೆಚ್ಚು. ಬೆಳಿಗ್ಗೆ ಎದ್ದಾಗ ಎರಡೂ ಕೈ ಬೆರಳುಗಳು ಬಿಗಿದು, ಸಡಿಲಾಗಲು ಒಂದು ಗಂಟೆಯಾದರೂ ಬೇಕಾಗುವುದು ಇದರ ಮುಖ್ಯ ಗುರುತು.

ಮೊಣಕಾಲು ಬದಲಾವಣೆ ಎಂಬ ಮಾತು ನಮ್ಮ ದೇಶದ ಮನೆಮನೆಗೂ ತಲುಪಿದ್ದು ಪ್ರಧಾನಿ ವಾಜಪೇಯಿ ಅವರಿಗೆ ಮುಂಬೈನ ಬ್ರೀಚ್ ಕ್ಯಾಂಡಿ ಆಸ್ಪತ್ರೆಯಲ್ಲಿ 2000 ಮತ್ತು 2001ರಲ್ಲಿ ಶಸ್ತ್ರಚಿಕಿತ್ಸೆ ಆದಾಗ. ಮಾಡಿದವರು ನ್ಯೂಯಾರ್ಕ್‌ನಲ್ಲಿದ್ದ ಭಾರತೀಯ ವೈದ್ಯ ಚಿತ್ತರಂಜನ್ ರಾಣಾವತ್. 1970ರ ದಶಕದಲ್ಲಿ ಇಂದಿನ ಮಾದರಿಯ ಕೃತಕ ಮೊಣಕಾಲನ್ನು ರೂಪಿಸಿದ ತಂಡದಲ್ಲೂ ಅವರು ಇದ್ದರು.

ಕೃತಕ ಕೀಲು ಎಷ್ಟು ವರ್ಷ ಬಾಳುತ್ತದೆ? 2019ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಲೆಕ್ಕದ ಪ್ರಕಾರ 100ರಲ್ಲಿ ಸುಮಾರು 82 ಕೀಲುಗಳು 25 ವರ್ಷ ಉಳಿಯುತ್ತವೆ. ಆ ಲೆಕ್ಕದಲ್ಲಿ ಇರುವವರು ಹೆಚ್ಚಾಗಿ ಸವೆತದ ರೋಗಿಗಳು. ಸಂಧಿವಾತದವರಲ್ಲೂ 10 ವರ್ಷದ ಕೊನೆಗೆ 100ಕ್ಕೆ 90ಕ್ಕಿಂತ ಹೆಚ್ಚು ಕೀಲುಗಳು ಚೆನ್ನಾಗಿಯೇ ಇರುತ್ತವೆ. ನೋವು ಕಡಿಮೆಯಾಗುವುದರಲ್ಲೂ ಇವರು ಹಿಂದೆ ಬೀಳುವುದಿಲ್ಲ. ಆದರೆ ನಡಿಗೆಯಲ್ಲಿ ಅಷ್ಟೇ ಲಾಭ ಎಲ್ಲರಿಗೂ ಸಿಗುವುದಿಲ್ಲ. ಮೊಣಕಾಲು ಹೊಸದಾದರೂ ಪಾದ, ಸೊಂಟ, ಕೈ ಕೀಲುಗಳು ಹಳೆಯವೇ. ಕೋಲು ಹಿಡಿಯಲು ಕೈಬೆರಳು ಬಗ್ಗದಿದ್ದರೆ ಏನು ಮಾಡುವುದು? ಆದ್ದರಿಂದ ಕಾಲು ಸೊಟ್ಟಗಾಗಿ, ಬಗ್ಗಿದ್ದು ನೆಟ್ಟಗಾಗದ ಹಂತದವರೆಗೆ ಕಾಯುವುದು ಸರಿಯಲ್ಲ.

ಸಂಧಿವಾತದವರಿಗೆ ನಿಜವಾದ ಅಪಾಯ ಸೋಂಕು. ನಾರ್ವೆ ದೇಶದಲ್ಲಿ ಕೀಲು ಬದಲಾವಣೆ ಆದವರ ದಾಖಲೆಗಳನ್ನು ಆಧರಿಸಿ 2010ರಲ್ಲಿ ಬಂದ ಅಧ್ಯಯನ ಹೇಳುವಂತೆ, ಸೋಂಕಿನಿಂದಾಗಿ ಮೊಣಕಾಲನ್ನು ಮತ್ತೆ ಬಿಚ್ಚಬೇಕಾದ ಸಂಭವ ಇವರಲ್ಲಿ 1.6 ಪಟ್ಟು. ಅದಕ್ಕಿಂತ ಗಮನಿಸಬೇಕಾದದ್ದು, ಈ ಅಪಾಯ ಆಪರೇಷನ್ ಆದ 6 ವರ್ಷದ ನಂತರವೂ ಮುಂದುವರಿಯುತ್ತದೆ. ಹೊಲಿಗೆ ಬಿಚ್ಚಿದ ಮೇಲೆ ಎಲ್ಲ ಮುಗಿಯಿತು ಎಂದುಕೊಳ್ಳುವುದು ತಪ್ಪು. ಹಿಮ್ಮಡಿ ಬಿರುಕು, ಕಾಲಿಗೆ ಚುಚ್ಚಿದ ಮುಳ್ಳು, ಹುಳುಕು ಹಲ್ಲು, ಮೂತ್ರದ ಉರಿ ಇವುಗಳಿಂದ ಸೋಂಕು ರಕ್ತದ ಮೂಲಕ ಕೃತಕ ಕೀಲಿಗೆ ಹೋಗಿ ಕೂರಬಹುದು. ಹತ್ತಿ ಹೊಲದಲ್ಲಿ ಬರಿಗಾಲಲ್ಲಿ ಓಡಾಡುವವರಿಗೆ ಇದು ದಿನನಿತ್ಯದ ಮಾತು. ಮೊಣಕಾಲು ಕೆಂಪಾಗಿ, ಬಿಸಿಯಾಗಿ, ಜ್ವರ ಬಂದರೆ ಊರಿನಲ್ಲೇ ಇಂಜೆಕ್ಷನ್ ಹಾಕಿಸಿಕೊಂಡು ಕೂರದೆ ಆಪರೇಷನ್ ಮಾಡಿದ ವೈದ್ಯರ ಬಳಿ ಹೋಗಬೇಕು.

ಇನ್ನೊಂದು ದೊಡ್ಡ ತಪ್ಪು, ಕಾಲು ಸರಿಯಾಯಿತೆಂದು ಮಾತ್ರೆ ನಿಲ್ಲಿಸುವುದು. ಆಪರೇಷನ್‌ನಿಂದ ಸರಿಯಾಗುವುದು ಒಂದು ಕೀಲು, ಕಾಯಿಲೆ ಅಲ್ಲ. ಮೆಥೊಟ್ರೆಕ್ಸೇಟ್ ಮಾತ್ರೆಯನ್ನು ಆಪರೇಷನ್ ಸಮಯದಲ್ಲೂ ಸಾಮಾನ್ಯವಾಗಿ ಮುಂದುವರಿಸುತ್ತಾರೆ. ಬಯಲಾಜಿಕ್ಸ್ ಎಂಬ ಇಂಜೆಕ್ಷನ್‌ಗಳನ್ನು ಮಾತ್ರ ಮೊದಲೇ ನಿಲ್ಲಿಸಿ, ಗಾಯ ಮಾಯ್ದ ಮೇಲೆ, ಸುಮಾರು ಎರಡು ವಾರಕ್ಕೆ ಮತ್ತೆ ಶುರು ಮಾಡುತ್ತಾರೆ. ಮೆಥೊಟ್ರೆಕ್ಸೇಟ್ ತೆಗೆದುಕೊಳ್ಳುವುದು ವಾರಕ್ಕೆ ಒಂದೇ ದಿನ. ಓದು ಬಾರದವರು ತಿಳಿಯದೆ ದಿನವೂ ನುಂಗಿದರೆ ಪ್ರಾಣಕ್ಕೇ ಅಪಾಯ. ಮನೆಯ ಹುಡುಗರು ಯಾವ ವಾರದಂದು ಎಂದು ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಕೊಡುವುದು ಒಳ್ಳೆಯದು. ಹೆಸರಿಲ್ಲದ ಪುಡಿ, ಗುಳಿಗೆಗಳಲ್ಲಿ ಸ್ಟೀರಾಯ್ಡ್ ಇರಬಹುದು. ಅದನ್ನು ಹೆಚ್ಚು ಕಾಲ ತಿಂದರೆ ಮೂಳೆ ಟೊಳ್ಳಾಗುತ್ತದೆ, ಗಾಯ ಬೇಗ ಮಾಯುವುದಿಲ್ಲ. ತೆಗೆದುಕೊಂಡಿದ್ದರೆ ಮುಚ್ಚಿಡದೆ ವೈದ್ಯರಿಗೆ ಹೇಳಬೇಕು. ಸಂಧಿವಾತ ಕುತ್ತಿಗೆಯ ಮೂಳೆಯನ್ನೂ ಸಡಿಲಿಸುವುದರಿಂದ ಅರಿವಳಿಕೆ ಕೊಡುವ ಮೊದಲು ಕುತ್ತಿಗೆಯ ಎಕ್ಸ್‌ರೇ ಬೇಕಾಗುತ್ತದೆ.

ಆಪರೇಷನ್ ನಂತರ ಕುಕ್ಕರಗಾಲಲ್ಲಿ ಕೂರುವುದು, ನೆಲದ ಮೇಲೆ ಕೂತು ಊಟ ಇವನ್ನು ಬಿಡುವುದು ಉತ್ತಮ. ಕುರ್ಚಿ ಮಾದರಿ ಶೌಚಾಲಯ ಬೇಕು. ನಮಾಜು, ಪೂಜೆಯನ್ನೂ ಕುರ್ಚಿಯಲ್ಲಿ ಕೂತೇ ಮಾಡಬಹುದು.

ಖರ್ಚಿನ ವಿಷಯ. ರಾಷ್ಟ್ರೀಯ ಔಷಧ ಬೆಲೆ ಪ್ರಾಧಿಕಾರ 2017ರ ಆಗಸ್ಟ್‌ನಲ್ಲಿ ಕೃತಕ ಕೀಲಿಗೆ ಬೆಲೆ ಮಿತಿ ಹಾಕಿತು. ಸಾಮಾನ್ಯ ಕೋಬಾಲ್ಟ್ ಕ್ರೋಮಿಯಂ ಕೀಲಿಗೆ ಆಗ ತೆರಿಗೆ ಬಿಟ್ಟು 54,720 ರೂ., ಎರಡನೇ ಸಲ ಹಾಕುವ ಕೀಲಿಗೆ 1,13,950 ರೂ. ಮೊದಲನೆಯದನ್ನು ಜೋಪಾನ ಮಾಡಬೇಕೆನ್ನಲು ಈ ವ್ಯತ್ಯಾಸವೇ ಸಾಕು. ಇದು ಕೀಲಿನ ಬೆಲೆ ಮಾತ್ರ, ಆಸ್ಪತ್ರೆ ಖರ್ಚು ಬೇರೆ.

ಆದೋನಿಗೆ ಕರ್ನೂಲಿಗಿಂತ ಬಳ್ಳಾರಿ ಹತ್ತಿರ. ಹಾಗಾಗಿ ಆಪರೇಷನ್ ಒಂದು ರಾಜ್ಯದಲ್ಲಿ, ಮಾತ್ರೆ ಇನ್ನೊಂದು ರಾಜ್ಯದಲ್ಲಿ ಆಗುವುದುಂಟು. ಆಂಧ್ರದ ಆರೋಗ್ಯ ಕಾರ್ಡು ಗಡಿಯಾಚೆಯ ಆಸ್ಪತ್ರೆಯಲ್ಲಿ ನಡೆಯುತ್ತದೆಯೇ ಎಂದು ಸೇರುವ ಮೊದಲೇ ಕೇಳಬೇಕು. ಡಿಸ್ಚಾರ್ಜ್ ಚೀಟಿ, ಕೀಲಿನ ಕಂಪನಿ ಮತ್ತು ನಂಬರ್ ಇರುವ ಸ್ಟಿಕ್ಕರ್, ಹಳೆಯ ಎಕ್ಸ್‌ರೇ ಎಲ್ಲವನ್ನೂ ಒಂದೇ ಚೀಲದಲ್ಲಿಟ್ಟು ಎರಡೂ ಕಡೆಯ ವೈದ್ಯರಿಗೆ ತೋರಿಸಬೇಕು. ಹತ್ತು ವರ್ಷದ ನಂತರ ಕೀಲು ಸಡಿಲಾದರೆ ಮೊದಲು ಕೇಳುವುದು ಆ ಸ್ಟಿಕ್ಕರನ್ನೇ.