ಮಾಮ
ಪರಸ್ಪರ ನಂಟಿಲ್ಲದ ಅನೇಕ ಭಾಷೆಗಳಲ್ಲಿ ಬೇರೆ ಬೇರೆ ಬಂಧುಗಳನ್ನು ಸೂಚಿಸುವ ಪುಟ್ಟ ಪದ. ಕನ್ನಡದಲ್ಲಿ ತಾಯಿಯ ಸೋದರ. ಇದರ ಇನ್ನೊಂದು ರೂಪವಾದ ‘ಮಾವ’ ಹೆಂಡತಿಯ ಅಥವಾ ಗಂಡನ ತಂದೆಗೂ ಸಲ್ಲುತ್ತದೆ. ಸೋದರಮಾವನ ಮನೆಯಿಂದ ಹೆಣ್ಣು ತರುವ ದಕ್ಷಿಣದ ರೂಢಿಯಲ್ಲಿ ಇಬ್ಬರೂ ಒಬ್ಬನೇ ಆಗಿರುವುದುಂಟು. ಹಿಂದಿಯಲ್ಲಿ ಮಾಮಾ ಸೋದರಮಾವ, ಸಸುರ್ ಬೇರೆ.

ಸ್ವಾಹಿಲಿ, ಚೀನಿ, ಇಟಾಲಿಯನ್ ಭಾಷೆಗಳಲ್ಲಿ ಇದು ತಾಯಿ. ಲ್ಯಾಟಿನ್ನಿನಲ್ಲಿ ‘ಮಮ್ಮ’ ಎಂದರೆ ಮೊಲೆ. ಸಸ್ತನಿಗಳಿಗೆ ಲಿನೇಯಸ್ 1758ರಲ್ಲಿ ಕೊಟ್ಟ ‘ಮಮ್ಮೇಲಿಯ’ ಎಂಬ ಹೆಸರು ಅದರಿಂದ ಬಂದದ್ದು. ಸಂಸ್ಕೃತದ ‘ಮಮ’ (ನನ್ನ) ಬೇರೆಯೇ ಪದ. ಮಮಕಾರ ಹುಟ್ಟಿದ್ದು ಅದರಿಂದ.

ಇಷ್ಟೊಂದು ಹೋಲಿಕೆ ಹೇಗೆ? ಎರವಲು ಎಂಬ ಉತ್ತರ ಸಾಲದು. ಭಾಷಾವಿಜ್ಞಾನಿ ರೋಮನ್ ಯಾಕೊಬ್ಸನ್ 1960ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ಮಗುವಿನ ಬಾಯಿಯತ್ತಲೇ ಬೊಟ್ಟುಮಾಡಿದ: ಮೊಲೆಯುಣ್ಣುವಾಗ ಬಾಯಿ ತುಂಬಿರುವುದರಿಂದ ಮೂಗಿನಿಂದ ಹೊರಡುವ ಗುನುಗು ‘ಮ’ಕಾರಕ್ಕೆ ಹತ್ತಿರ, ಅದೇ ಮುಂದೆ ಹಸಿವಿನ ಕರೆಯಾಗುತ್ತದೆ, ಹಿರಿಯರು ಅದಕ್ಕೆ ಅರ್ಥ ಹಚ್ಚುತ್ತಾರೆ. ಅರ್ಥ ಹಚ್ಚುವವರು ಹಿರಿಯರಾದ್ದರಿಂದ ಅದು ತಾಯಿಯೇ ಆಗಬೇಕೆಂದಿಲ್ಲ. ಮಧ್ಯ ಆಸ್ಟ್ರೇಲಿಯದ ಪಿಟ್‌ಜಂಟ್‌ಜಟ್‌ಜಾರ ಭಾಷೆಯಲ್ಲಿ ಮಾಮ ಎಂದರೆ ತಂದೆ. ಜಾರ್ಜಿಯನ್ನಿನಲ್ಲಿಯೂ ಹಾಗೆಯೇ, ಅಲ್ಲಿ ತಾಯಿ ‘ದೆದಾ’.